ಸುಸ್ಥಿರ ಅಂದ್ರ ಬರೇ ಸಾವಯವ ಅಲ್ಲ ತಮ್ಮಾ

"ಸುಸ್ಥಿರ ಕೃಷಿ ಅಂದ್ರ ಸಾವಯವದ್ದ ಇನ್ನೊಂದ ಹೆಸರಲ್ಲೇನ್ರಿ? ನಮ್ಮ ಅಜ್ಜಾರು ಮಾಡಿದ್ದೆಲ್ಲಾ ಅದ ಅಲ್ಲಾ?" ಅಂತ ಇಂಡಿ ಕಡೆಯ ತಮ್ಮ ಕೇಳ್ಯಾನ. ಅರ್ಧ ಖರೆ, ಅರ್ಧ ಅಲ್ಲ.

ಹೆಸರು ಹೊಸಾದು. 1987ರಾಗ ಬ್ರಂಟ್‌ಲ್ಯಾಂಡ್ ಆಯೋಗ ವಿಶ್ವಸಂಸ್ಥೆಗೆ ವರದಿ ಕೊಟ್ಟ ಮ್ಯಾಲ 'ಸುಸ್ಥಿರ' ಅನ್ನೂದು ಎಲ್ಲಾರ ಬಾಯಾಗ ಬಂತು. ಇವತ್ತಿನವರ ಹೊಟ್ಟಿ ತುಂಬಬೇಕು, ಮುಂದಿನವರ ಪಾಲು ಕರಗಬಾರದು, ಇಷ್ಟ ಅದರ ಅರ್ಥ. ವಿಚಾರ ಹಳೇದು. ಆಲ್ಬರ್ಟ್ ಹೋವರ್ಡ್ ಅಂಬೋ ಇಂಗ್ಲೆಂಡಿನ ಕೃಷಿ ವಿಜ್ಞಾನಿ ಇಂದೋರಿನಾಗ ಇದ್ದುಕೊಂಡು ಕಸ, ಸಗಣಿ, ಗಂಜಳ, ಬೂದಿ ಪದರ ಪದರ ಹಾಕಿ ಗೊಬ್ಬರ ಮಾಡೋ ಪದ್ಧತಿ ಹೊಂದಿಸಿದ್ದು 1920ರ ದಶಕದಾಗ. ನಮ್ಮ ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರ ಚಾಲೂ ಆಗಿದ್ದೂ 1930ರ ದಶಕದಾಗ. ಅಲ್ಲಿಯವರ ಚಿಂತಿ ಗೊಬ್ಬರಕ್ಕಿಂತ ನೆಲದಾಗಿನ ಹಸಿ, ಅಂದ್ರ ತೇವದ್ದು: ಬದು, ಅಗಲ ಸಾಲು, ಎಡಿ (ಸಾಲಿನ ನಡಕ ಕುಂಟಿ ಹೊಡಿಯೂದು).

ಅಜ್ಜಾರ ಮಾತಿಗೆ ಬರೂಣು. ಅಕ್ಕಡಿ ಸಾಲು (ಮುಖ್ಯ ಬೆಳಿ ನಡಕ ಬ್ಯಾರೆ ಬೆಳಿ ಸಾಲು), ಗೊಬ್ಬರಕ್ಕಂತ ಹೊಲದಾಗ ಕುರಿ ತರಬೂದು, ಜೋಳದ ಬೆನ್ನಿಗೆ ಕಡ್ಲಿ, ಇವು ಬಂಗಾರದಂಥಾವು. ಆದ್ರ 1876–78ರ ಬರದಾಗ ನಮ್ಮ ಸೀಮಿ (ಆವಾಗ ಕಲಾದಗಿ ಜಿಲ್ಲಾ) ಎಷ್ಟು ಮಂದಿನ್ನ ಕಳಕೊಂತು ಅನ್ನೂದನ್ನೂ ನೆನಸ್ರಿ. ರಾಸಾಯನಿಕ ಇಲ್ಲದ ಕಾಲ ಅದು. ಹಳೇದೆಲ್ಲಾ ಸುಸ್ಥಿರ ಅನ್ನೂದು ನಂಗ ಒಪ್ಪಂಗಿಲ್ಲ.

ಸಾವಯವ ಅಂದ್ರ ಆತು ಅನ್ನವ್ರಿಗೆ ನನ್ನ ಹೊಲದ್ದ ಹೇಳ್ತೀನಿ. ಜಮಖಂಡಿ ಕಡೆ, ಕೃಷ್ಣಾ ದಂಡಿ, ಕಬ್ಬು. ಯೂರಿಯಾ ಬಿಟ್ಟೆ, ತಿಪ್ಪಿ ಗೊಬ್ಬರ, ಜೀವಾಮೃತ (ಸಗಣಿ, ಗಂಜಳ, ಬೆಲ್ಲ ಕಲಸಿ ಕೊಳೆಸಿದ ನೀರು) ಹಾಕ್ದೆ, ಎದಿ ಉಬ್ಬಿಸ್ಕೊಂಡು ತಿರಗ್ದೆ. ನೀರು ಮಾತ್ರ ಮೊದಲಿನಂಗ, ಮೋಟರ್ ಹಚ್ಚಿ ಮಲ್ಕೊಳ್ಳೂದು. ಕೆಲವ ವರ್ಷದಾಗ ತಗ್ಗಿನ ಮೂಲಿ ಬೆಳ್ಳಗ ಆತು, ಮುಂಜಾನೆ ನೋಡಿದ್ರ ಸುಣ್ಣ ಚೆಲ್ಲಿದಂಗ. ಬೆರಳಿಗೆ ಹಚ್ಚಿ ನಾಲಿಗಿಗೆ ಇಟ್ಟೆ, ಉಪ್ಪು! ನೀರು ಹೆಚ್ಚಾಗಿ ನೆಲದಾಗಿನ ಉಪ್ಪು ಮ್ಯಾಲ ಬಂದು ಸವಳಾಗಿತ್ತು. ಆಮ್ಯಾಲ ಬಸಿಗಾಲುವಿ ತೋಡಿ, ಡ್ರಿಪ್ ಹಾಕಿ, ಡಯಂಚಾ ಅನ್ನೋ ಹಸಿರೆಲಿ ಗೊಬ್ಬರದ ಬೆಳಿ ಬಿತ್ತಿ ಹೂ ಬಿಡೂದಕ್ಕ ಮೊದಲ ಮಣ್ಣಾಗ ಮಗಚಿದೆ. ರವದಿಗೆ (ಕಬ್ಬಿನ ಒಣಗರಿ) ಬೆಂಕಿ ಹಚ್ಚೂದನ್ನೂ ಬಿಟ್ಟು ಸಾಲು ಬಿಟ್ಟು ಸಾಲಿಗೆ ಹಾಸ್ತೀನಿ. ಮೂಲಿ ಇನ್ನೂ ಪೂರಾ ತಿರುಗಿಲ್ಲ, ಆದ್ರ ಕುಳೆ (ಕಡಿದ ಕಬ್ಬಿನ ಬುಡದಿಂದ ಮತ್ತ ಚಿಗತ ಬೆಳಿ) ಹಸರ ಐತಿ.

ಇಂಡಿ ತಮ್ಮಾ, ನಿಂದು ಮಳಿ ನಂಬಿದ ಎರಿ (ಕಪ್ಪು ಮಣ್ಣಿನ) ಹೊಲ. ಹಿಂಗಾರಿ ಜೋಳಕ್ಕ ಬಿಟ್ಟ ಹೊಲದಾಗ ಸುತ್ತ ಸಣ್ಣ ಬದು ಹಾಕಿ 10-15 ಅಡಿ ಚೌಕ ಮಡಿ ಕಟ್ಟು. ಜೂನಿನಿಂದ ಬಿದ್ದ ಮಳಿ ಅಲ್ಲೇ ಇಂಗಿ, ಸೆಪ್ಟೆಂಬರದಾಗ ಬಿತ್ತೂ ಹೊತ್ತಿಗೆ ಹಸಿ ಕೆಳಗಿಳದಿರತೈತಿ. ಜೋಳ ಎದ್ದ ಮ್ಯಾಲ ಎಡಿ ತಪ್ಪಸಬ್ಯಾಡ. ಕಳೆ ಇಲ್ಲಂದ್ರೂ ಹೊಡಿ, ನೆಲ ಬಿರಿದ್ರ ಆ ಬಿರುಕಿನಾಗಿಂದ ಹಸಿ ಹಾರಿ ಹೋಗತೈತಿ. ಮಡಿ ಕೆಲಸ ದೊಡ್ಡ ಮಳಿಕಿಂತ ಮೊದಲ ಮುಗಸು. ಎರಿ ಒಮ್ಮೆ ರಾಡಿ ಆತಂದ್ರ ಎತ್ತೂ ಇಳ್ಯಂಗಿಲ್ಲ, ಟ್ರ್ಯಾಕ್ಟರೂ ಇಳ್ಯಂಗಿಲ್ಲ.