ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬ್ಲಡ್ ಪೈಥಾನ್ ಸಾಕಬಹುದಾ? ಒಂದು ಗಾಜಿನ ಟ್ಯಾಂಕ್, ಒಂದು ಹೀಟ್ ಮ್ಯಾಟ್ ಸಾಕಾ?

ನೀವು ಬರೆದಿದ್ದು ಇಷ್ಟು: ಜೆ.ಪಿ. ನಗರದಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ. ಆನ್‌ಲೈನಲ್ಲಿ ಪರಿಚಯವಾದ ಒಬ್ಬ ಬ್ಲಡ್ ಪೈಥಾನ್ ಅನ್ನುವ ವಿದೇಶಿ ಹೆಬ್ಬಾವಿನ ಮರಿ ಕೊಡುತ್ತೇನೆ, ಪೇಪರ್ ಗೀಪರ್ ಏನೂ ಬೇಡ ಅಂದಿದ್ದಾನೆ. ಗಾಜಿನ ಟ್ಯಾಂಕ್, ಹೀಟ್ ಮ್ಯಾಟ್ ತೆಗೆದುಕೊಂಡರೆ ಆಯ್ತಲ್ವಾ ಅಂತ ಕೇಳಿದ್ದೀರಿ.

ಆ ಮರಿಯನ್ನು ತರಬೇಡಿ. ಟ್ಯಾಂಕೂ ಹೀಟ್ ಮ್ಯಾಟೂ ಈ ಹಾವಿಗೆ ಸರಿಹೋಗುವುದಿಲ್ಲ. ಆದರೆ ಸರಿಯಾದ ದಾರಿಯಲ್ಲಿ ಸಾಕುವವರು ಈ ಊರಲ್ಲಿದ್ದಾರೆ. ನನ್ನ ಹತ್ತಿರವೂ ಒಂದು ಹೆಣ್ಣು ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪೇಪರ್ ವಿಷಯ ಮೊದಲು ಮುಗಿಸಿಬಿಡೋಣ. ನಮ್ಮ ಕಾಡಿನ ಹೆಬ್ಬಾವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಅದು. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಬ್ಲಡ್ ಪೈಥಾನ್ ನಮ್ಮದಲ್ಲ, ಮಲಯ ಪರ್ಯಾಯ ದ್ವೀಪ ಮತ್ತು ಸುಮಾತ್ರಾ ಕಡೆಯದು. ಹಾಗಂತ ಕಾನೂನಿನ ಹೊರಗೇನೂ ಇಲ್ಲ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು 2022ರ ತಿದ್ದುಪಡಿ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ನೋಂದಣಿಯ ನಿಯಮ ಬಂತು. ಪ್ರಾಣಿ ಕೈಗೆ ಬಂದ 30 ದಿನದೊಳಗೆ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೋಗುತ್ತದೆ. ಅನುಮಾನ ಇದ್ದರೆ ಮಲ್ಲೇಶ್ವರದ ಅರಣ್ಯ ಭವನಕ್ಕೇ ಹೋಗಿ ಕೇಳಬಹುದು. ಹಾವು ಸತ್ತರೂ, ಮರಿ ಹಾಕಿಸಿದರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. 2020ರಲ್ಲಿ ಪರಿಸರ ಸಚಿವಾಲಯ ವಿದೇಶಿ ಪ್ರಾಣಿ ಇಟ್ಟುಕೊಂಡವರಿಗೆ ತಾವಾಗಿ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಾಗ ನಾನು ನನ್ನದನ್ನು ಘೋಷಿಸಿಕೊಂಡಿದ್ದೆ. ಪೋರ್ಟಲ್ ಬಂದ ಮೇಲೆ ಮತ್ತೆ ನೋಂದಾಯಿಸಿದೆ. ಕಷ್ಟವೇನಿಲ್ಲ, ಬೇಜಾರಿನ ಕೆಲಸ ಅಷ್ಟೇ.

ಪೇಪರ್ ಇಲ್ಲದ ಮರಿಗಳು ಎಲ್ಲಿಂದ ಬರುತ್ತವೆ ಅಂತ ಊಹಿಸುವುದು ಕಷ್ಟವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸಿಕ್ಕವು. 2024ರ ಏಪ್ರಿಲ್‌ನಲ್ಲಿ ಒಬ್ಬನ ಬ್ಯಾಗಿನಲ್ಲಿ 10 ಹಳದಿ ಅನಕೊಂಡ. ಬಟ್ಟೆ ಚೀಲದಲ್ಲಿ ಸುತ್ತಿ ತಂದ ಮರಿ ಬದುಕಿ ಬಂದರೂ ನೀರಿಲ್ಲದೆ ಒಣಗಿರುತ್ತದೆ, ಮೈಗೆ ರಕ್ತ ಹೀರುವ ಉಣ್ಣೆಹುಳ ಹತ್ತಿರುತ್ತದೆ. ಕಾಯಿಲೆ ಬಿದ್ದರೆ ಡಾಕ್ಟರ ಹತ್ತಿರ ಒಯ್ಯಲೂ ನಿಮಗೆ ಹೆದರಿಕೆ. ಮಾರುವವನ ಹೆಸರಲ್ಲಿ ನೋಂದಣಿ ಇದ್ದು, ಅದನ್ನು ನಿಮ್ಮ ಹೆಸರಿಗೆ ವರ್ಗ ಮಾಡಿಕೊಡುತ್ತೇನೆ ಅಂದರೆ ಮಾತ್ರ ಮಾತು ಮುಂದುವರಿಸಿ.

ಈಗ ಹಾವಿನ ವಿಷಯಕ್ಕೆ ಬರೋಣ. ಇದು ಜೌಗು ನೆಲದ ಪ್ರಾಣಿ. ನದಿಯ ಅಂಚು, ಕೆಸರು, ಕೊಳೆತ ಎಲೆ, ಈಗ ತಾಳೆ ಎಣ್ಣೆಯ ತೋಟಗಳಲ್ಲೂ ಇಲಿ ತಿಂದುಕೊಂಡು ಇರುತ್ತದೆ. ಉದ್ದ 5 ಅಡಿ ಆಸುಪಾಸು, ಹೆಣ್ಣು 6 ಅಡಿ ಮುಟ್ಟಬಹುದು. ಆದರೆ ದಪ್ಪ ನೋಡಿದರೆ ನಂಬುವುದಿಲ್ಲ. ದೊಡ್ಡ ಹೆಣ್ಣು ಆರಾಮಾಗಿ 7–8 ಕೆಜಿ ತೂಗುತ್ತದೆ, ಬಾಲ ಮಾತ್ರ ಗೇಣುದ್ದ. ಮರ ಹತ್ತುವ ಹಂಬಲ ಇಲ್ಲ. ಕೂತಲ್ಲೇ ಕೂತು, ಮುಂದೆ ಬಂದಿದ್ದನ್ನು ಹಿಡಿಯುವ ಸೋಮಾರಿ. ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬದುಕುತ್ತದೆ. ಬಾಡಿಗೆ ಮನೆಯವರು ಈ ಲೆಕ್ಕ ಮೊದಲು ಹಾಕಬೇಕು. ಓನರ್‌ಗೆ ಮೊದಲೇ ಹೇಳಿ. ಮುಚ್ಚಿಟ್ಟು ಸಾಕುವ ಪ್ರಾಣಿ ಇದಲ್ಲ.

ಬೆಂಗಳೂರಿನ ಹವೆ ಹಾವಿಗೆ ಹಿತ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮಗೆ ಹಿತ, ನಿಜ. ಈ ಹಾವಿಗೆ ಬೇಕಾದದ್ದು ವರ್ಷಪೂರ್ತಿ ಶೇಕಡಾ 60ರಿಂದ 75 ತೇವಾಂಶ. ನಾವಿರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಚಿಂತೆ ಇಲ್ಲ. ಫೆಬ್ರುವರಿ ಬಂದ ಮೇಲೆ ಮಧ್ಯಾಹ್ನದ ಗಾಳಿ ಮುಟ್ಟಿದರೆ ಗರಗರ ಅನ್ನುತ್ತದೆ, ತೇವಾಂಶ 30ಕ್ಕಿಂತ ಕೆಳಗೆ ಹೋಗುತ್ತದೆ. ಅಂಥ ಗಾಳಿಯಲ್ಲಿ ಹಾವಿನ ಪೊರೆ ಸರಿಯಾಗಿ ಕಳಚುವುದಿಲ್ಲ. ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ ಬರಬೇಕಾದದ್ದು ಚೂರು ಚೂರಾಗಿ ಅಂಟಿಕೊಳ್ಳುತ್ತದೆ. ಕಣ್ಣಿನ ಮೇಲಿನ ಪೊರೆ ಉಳಿದುಬಿಟ್ಟರಂತೂ ಕಿತ್ತು ತೆಗೆಯಲು ಹೋಗಬೇಡಿ, ಕಣ್ಣೇ ಹೋದೀತು.

ಎಲ್ಲರೂ ಎಡವುವುದು ಇಲ್ಲೇ. ತೇವ ಬೇಕು ಅಂದ ಕೂಡಲೇ ಸ್ಪ್ರೇ ಬಾಟಲಿ ಹಿಡಿದು ಬೆಳಗ್ಗೆ ಸಂಜೆ ಹೊಡೆಯುತ್ತಾರೆ. ಮೀಟರ್ ಒಂದು ಗಂಟೆ 85 ತೋರಿಸಿ ಮತ್ತೆ 40ಕ್ಕೆ ಇಳಿಯುತ್ತದೆ. ಈ ಮಧ್ಯೆ ನೆಲದ ಮೇಲ್ಪದರ ಮಾತ್ರ ಒದ್ದೆಯಾಗಿರುತ್ತದೆ. ಹೊಟ್ಟೆ ಊರಿ ಮಲಗುವ ಹಾವಿಗೆ ಇದೇ ಕಂಟಕ. ಹೊಟ್ಟೆಯ ಹುರುಪೆ ಮೊದಲು ಕೆಂಪಾಗುತ್ತದೆ, ಆಮೇಲೆ ನೀರುಗುಳ್ಳೆ, ಆಮೇಲೆ ಕೊಳೆತ. ಬಿಸಿನೀರಿನ ಹಬೆಯಂತೆ ಮಂಜು ಉಗುಳುವ ಫಾಗರ್ ಯಂತ್ರವೂ ಇದೇ ಕೆಲಸ ಮಾಡುತ್ತದೆ, ದುಡ್ಡು ಜಾಸ್ತಿ ಅಷ್ಟೇ.

ನಾನು ಮಾಡುವುದು ಹೀಗೆ. ಪೆಟ್ಟಿಗೆಯ ತಳಕ್ಕೆ ನಾಲ್ಕು ಇಂಚು ದಪ್ಪ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದರೊಳಗೆ ತೆಂಗಿನ ಸಿಪ್ಪೆಯ ತುಂಡುಗಳು. ನರ್ಸರಿಯಲ್ಲಿ ಇಟ್ಟಿಗೆ ಇಟ್ಟಿಗೆಯಾಗಿ ಸಿಗುತ್ತದೆ, ನಮ್ಮ ನಾಡಲ್ಲಿ ತೆಂಗಿಗೇನು ಬರ! ಗೊಬ್ಬರ ಬೆರೆಸಿದ್ದು ಬೇಡ. ಉಪ್ಪಿನಂಶ ಹೋಗುವ ಹಾಗೆ ತೊಳೆದು ಹಿಂಡಬೇಕು. ನೀರನ್ನು ಮೇಲೆ ಚಿಮುಕಿಸುವುದಿಲ್ಲ, ಮೂಲೆಯಲ್ಲಿ ಒಂದು ಲೋಟ ಸುರಿಯುತ್ತೇನೆ. ಅದು ತಳಕ್ಕೆ ಇಳಿದು ಹರಡಿಕೊಳ್ಳುತ್ತದೆ. ತಳ ಒದ್ದೆ, ಮೇಲೆ ಒಣ. ಹದ ನೋಡಲು ಬೆರಳು ಪೂರ್ತಿ ತೂರಿಸಿ ತಳದಿಂದ ಒಂದು ಹಿಡಿ ತೆಗೆದು ಹಿಂಡುತ್ತೇನೆ. ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಮಳೆಗಾಲದಲ್ಲಿ ವಾರಗಟ್ಟಲೆ ನೀರು ಹಾಕುವ ಪ್ರಮೇಯವೇ ಬರುವುದಿಲ್ಲ. ಹುಳಿ ವಾಸನೆ ಬಂತಾ, ಪೂರ್ತಿ ಬದಲಿಸಿ.

ಗಾಜಿನ ಟ್ಯಾಂಕ್ ಬೇಡ ಅಂದಿದ್ದು ಇದಕ್ಕೇ. ಮೇಲೆ ಜಾಲರಿ ಮುಚ್ಚಳ ಇದ್ದರೆ ನೀವು ಮಾಡಿದ ತೇವವೆಲ್ಲ ಬೆಂಗಳೂರಿನ ಪಾಲು. ಪ್ಲೈವುಡ್ ಉಬ್ಬಿಕೊಳ್ಳುತ್ತದೆ. ಮಾಡ್ಯುಲರ್ ಕಿಚನ್ ಮಾಡುವ ಕಾರ್ಪೆಂಟರ್ ಹತ್ತಿರ ಪಿವಿಸಿ ಬೋರ್ಡಿನಲ್ಲಿ ಪೆಟ್ಟಿಗೆ ಮಾಡಿಸಿ. ಬೆಳೆದ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರ ಸಾಕು. ಎತ್ತರಕ್ಕಿಂತ ನೆಲ ಮುಖ್ಯ. ಮುಂದೆ ಜಾರುವ ಗಾಜು, ಅದಕ್ಕೆ ಶೋಕೇಸಿನ ಬೀಗ. ಬೀಗ ಮರೆಯಬೇಡಿ, ಮೂತಿಯಿಂದ ಗಾಜು ತಳ್ಳುವುದರಲ್ಲಿ ಇವು ಬಲು ನಿಪುಣ. ಒಳಗಿನ ಸಂದುಗಳಿಗೆ ಸಿಲಿಕೋನ್, ಎರಡು ಪಕ್ಕದಲ್ಲಿ ಕೆಲವೇ ತೂತು. ಗಾಳಿ ನಿಂತರೂ ಕಷ್ಟ, ಉಸಿರಾಟದ ಸೋಂಕು ಬರುತ್ತದೆ. ಮೈ ಪೂರ್ತಿ ಮುಳುಗುವಷ್ಟು ಅಗಲದ ಭಾರವಾದ ನೀರಿನ ಟಬ್ ಒಂದು. ಅಡಗಲು ಎರಡು ಗೂಡು, ಒಂದು ಬೆಚ್ಚಗಿನ ಕಡೆ, ಒಂದು ತಂಪು ಕಡೆ. ಗೂಡು ಇಕ್ಕಟ್ಟಾಗಿದ್ದಷ್ಟೂ ಅದಕ್ಕೆ ಧೈರ್ಯ. ಮರಿಯನ್ನು ಮಾತ್ರ ಈ ದೊಡ್ಡ ಪೆಟ್ಟಿಗೆಗೆ ಬಿಡಬೇಡಿ, ಹೆದರಿ ಊಟ ಬಿಡುತ್ತದೆ. ತೂತು ಕೊರೆದ ಪ್ಲಾಸ್ಟಿಕ್ ಡಬ್ಬ ಸಾಕು.

ಶಾಖದ ಬಗ್ಗೆ ಜನ ಅತಿಯಾಗಿ ಯೋಚಿಸುತ್ತಾರೆ. ಬೆಚ್ಚಗಿನ ಕಡೆ 30 ಡಿಗ್ರಿ, ತಂಪು ಕಡೆ 25. ಮುಗೀತು. ನಾಲ್ಕು ಇಂಚು ನಾರಿನ ಕೆಳಗೆ ಹೀಟ್ ಮ್ಯಾಟ್ ಇಟ್ಟರೆ ಮೇಲಕ್ಕೆ ಬಿಸಿ ಬರುವುದಿಲ್ಲ, ಕೆಳಗೆ ಸುಡುತ್ತದೆ. ಛಾವಣಿಗೆ ಅಂಟಿಸುವ ಹೀಟ್ ಪ್ಯಾನೆಲ್ ಒಳ್ಳೆಯದು. ಯಾವುದೇ ಇರಲಿ, ಥರ್ಮೋಸ್ಟಾಟ್ ಇಲ್ಲದೆ ಪ್ಲಗ್ ಹಾಕಬೇಡಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15 ಡಿಗ್ರಿಗೆ ಇಳಿದಾಗ ಅದು ಬೇಕೇ ಬೇಕು. ಕರೆಂಟ್ ಹೋದರೆ ಪೆಟ್ಟಿಗೆಯ ಮೇಲೆ ರಗ್ಗು ಹೊದಿಸಿ, ಕೆಲವು ಗಂಟೆ ತಡೆಯುತ್ತದೆ.

ನನಗೆ ಚಳಿಗಿಂತ ಏಪ್ರಿಲ್ ಭಯ ಜಾಸ್ತಿ. 32 ಡಿಗ್ರಿ ದಾಟಿದರೆ ಇದು ಒದ್ದಾಡುತ್ತದೆ. 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಕಂಡಿದೆ. ಮೇಲಿನ ಮಹಡಿಯ ಮನೆಗಳಲ್ಲಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹತ್ತರವರೆಗೂ ಕೆಳಗೆ ಕಾರುತ್ತದೆ. ಎಸಿ ಹಾಕಿದರೆ ಗಾಳಿ ಇನ್ನೂ ಒಣಗುತ್ತದೆ. ಹಾವು ನೀರಿನ ಟಬ್ ಬಿಟ್ಟು ಏಳುತ್ತಲೇ ಇಲ್ಲ ಅಂದರೆ ಸೆಕೆಯಾಗಿದೆ, ಇಲ್ಲವೇ ಉಣ್ಣೆ ಹತ್ತಿದೆ. ಎರಡನ್ನೂ ನೋಡಿ.

ಊಟಕ್ಕೆ ಸತ್ತ ಫ್ರೋಜನ್ ಇಲಿ, ಬಿಸಿನೀರಲ್ಲಿ ಕರಗಿಸಿ ಇಕ್ಕಳದಲ್ಲಿ ಹಿಡಿದು ಕೊಡಬೇಕು. ಮರಿಗೆ ಹತ್ತು ಹದಿನೈದು ದಿನಕ್ಕೊಂದು, ದೊಡ್ಡದಕ್ಕೆ ಮೂರು ನಾಲ್ಕು ವಾರಕ್ಕೊಂದು. ಬೀದಿಯ ಹೆಗ್ಗಣ ಖಂಡಿತ ಬೇಡ, ಅದು ಯಾರ ಮನೆಯ ಪಾಷಾಣ ತಿಂದಿದೆಯೋ. ಹಿತಕಿದ ಅವರೆಬೇಳೆಯ ಪಕ್ಕ ಇಲಿ ಇಡಲು ಯಾವ ಮನೆಯಲ್ಲೂ ಒಪ್ಪುವುದಿಲ್ಲ, ಬೇರೆ ಸಣ್ಣ ಫ್ರೀಜರ್ ತೆಗೆದುಕೊಳ್ಳಿ. ಇದು ಕಕ್ಕಸು ಮಾಡುವುದು ತಿಂಗಳಿಗೊಮ್ಮೆ, ಕೆಲವೊಮ್ಮೆ ಇನ್ನೂ ತಡ. ಸುಮ್ನೆ ಗಾಬರಿಯಾಗಬೇಡಿ. ಮಾಡಿದ ದಿನ ನಿಮಗೇ ಗೊತ್ತಾಗುತ್ತದೆ, ಪಕ್ಕದ ಮನೆಗೂ. ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ, ಸಾಲ್ಮೊನೆಲ್ಲಾ ಇರಬಹುದು.

ಬ್ಲಡ್ ಪೈಥಾನ್ ಸಿಡುಕು ಅನ್ನುವ ಹೆಸರಿದೆ. ಮರಿಗಳು ಬುಸುಗುಟ್ಟಿ ಕಚ್ಚಲು ಬರುವುದು ಹೌದು. ಬಹಳಷ್ಟು ಭಯದಿಂದ. ಕಾಡಿನಿಂದ ಹಿಡಿದು ತಂದವು ಇನ್ನೂ ಜಾಸ್ತಿ. ಎತ್ತುವಾಗ ಮೈ ಪೂರ್ತಿ ಎರಡೂ ಕೈ ಮೇಲೆ ಇರಲಿ, ಜೋತು ಬಿದ್ದರೆ ಗಾಬರಿಯಾಗುತ್ತದೆ. ಹಾವು ನೋಡುವ ಡಾಕ್ಟರು ಈ ಊರಲ್ಲಿ ಕಡಿಮೆ. ಹಾವು ತರುವ ಮೊದಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಉಸಿರಾಟದಲ್ಲಿ ಗೊರಗೊರ, ಬಾಯಲ್ಲಿ ನೊರೆ ಕಂಡರೆ ಅದೇ ದಿನ ಹೋಗಬೇಕು.

ನಿಜವಾಗಲೂ ಸಾಕುವ ಮನಸ್ಸಿದ್ದರೆ ಒಂದು ಕೆಲಸ ಮಾಡಿ. ಮೊದಲು ಪೆಟ್ಟಿಗೆ ಮಾಡಿಸಿ, ನಾರು ತುಂಬಿಸಿ, ಪ್ಯಾನೆಲ್ ಹಾಕಿ, ಹಾವಿಲ್ಲದೆ ಖಾಲಿ ಓಡಿಸಿ. ಮುಳ್ಳಿನ ಮೀಟರ್ ನಂಬಬೇಡಿ, ತಂತಿ ಇರುವ ಡಿಜಿಟಲ್ ಮೀಟರ್ ಎರಡು ಕೊಳ್ಳಿ, ಎರಡೂ ಕಡೆ ಇಡಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ತೇವಾಂಶ 60ರ ಮೇಲೆ, ಶಾಖ 31ರ ಒಳಗೆ ನಿಂತರೆ ನೋಂದಣಿ ಇರುವ ಮರಿ ಹುಡುಕಲು ಶುರು ಮಾಡಿ. ನಿಮ್ಮ ಮೂರನೇ ಮಹಡಿಯ ಮೇಲೆ ನೇರ ತಾರಸಿಯೇ ಇದ್ದರೆ ಪಶ್ಚಿಮದ ಗೋಡೆಯ ರೂಮು ಬಿಟ್ಟು ಬೇರೆ ರೂಮಿನಲ್ಲಿ ಇಟ್ಟು ನೋಡಿ.