ಪ್ರತಿಕ್ರಿಯೆ: ಸ್ಟೇಜ್ ಮ್ಯಾಲ ಆರ್ಗನ್ ದನಿ ಮಾಯ ಆದ್ರ

ಜಮಖಂಡಿ ಜಾತ್ರಿ ಆರ್ಕೆಸ್ಟ್ರಾದಾಗ ಆರ್ಗನ್ ಮೆತ್ತಗ ನುಡಿಸಿದ್ರ ಕೇಳಸೂದಿಲ್ಲ, ಹೊಸ ಕೀಬೋರ್ಡ್ ತಗೊಳ್ಳಲೇನು ಅಂತ ಕೇಳೀರಿ. ಬಹುಶಃ ಟಚ್ ಸೆನ್ಸಿಟಿವಿಟಿದೇ (ಕೀ ಒತ್ತಿದ ಜೋರಿನ ಪ್ರಕಾರ ದನಿ ಏರಿಳಿಸೂ ಸೆಟ್ಟಿಂಗ್) ತಪ್ಪು. ಕೀಬೋರ್ಡಿನ ಆರ್ಗನ್ ದನಿ ನಕಲು ಮಾಡೂ ಹಳೇ ಎಲೆಕ್ಟ್ರಿಕ್ ಹ್ಯಾಮಂಡ್ ಆರ್ಗನ್‌ನಾಗ ಕೀ ಎಷ್ಟ ಜೋರ್ ಒತ್ತಿದ್ರೂ ದನಿ ಅಷ್ಟs. ಏರಿಳಿತ ಎಲ್ಲಾ ಕಾಲಾಗಿನ ಎಕ್ಸ್‌ಪ್ರೆಶನ್ ಪೆಡಲ್‌ದಾಗ.

ಮೊದಲ ಟಚ್ ಆಫ್ ಮಾಡ್ರಿ. ಆಮ್ಯಾಲ ಎಕ್ಸ್‌ಪ್ರೆಶನ್ ಪೆಡಲ್ ಹಚ್ಚರಿ, ಸಸ್ಟೇನ್ ಪೆಡಲ್ (ಕೀ ಬಿಟ್ಟ ಮ್ಯಾಲೂ ಸ್ವರ ಎಳಿಯೂದು) ಮುಟ್ಟಬ್ಯಾಡ್ರಿ. ಯಮಹಾ ಕೀಬೋರ್ಡಿಗೆ ರೋಲ್ಯಾಂಡ್ ಪೆಡಲ್ ಹಾಕಿದ್ರ ಸರಿ ಕೆಲಸ ಮಾಡೂದಿಲ್ಲ, ಜ್ಯಾಕ್ ಒಳಗಿನ ವೈರಿಂಗ್ ಅದಲುಬದಲು ಇರತೈತಿ. ಸೌಂಡ್‌ನವರು ಒಂದ ಕೇಬಲ್ ಕೊಟ್ರ ಎಲ್/ಮೋನೋ ಔಟ್‌ಗೇ ಹಾಕ್ರಿ; ಬರೇ ಬಲಗಡಿದಕ್ಕ ಹಾಕಿದ್ರ ಲೆಸ್ಲಿ (ತಿರುಗೂ ಸ್ಪೀಕರಿನ ಎಫೆಕ್ಟ್) ತಿರುಗೂದು ಅರ್ಧಾನೇ ಕೇಳತೈತಿ.

ಡ್ರಾಬಾರ್ (ಎಳದು ದನಿ ಬಣ್ಣ ಕೂಡಿಸೂ ಪಟ್ಟಿ) ಮೊದಲಿನ 3 ಪೂರ್ತಿ ಹೊರಗ, ಉಳಿದ 6 ಒಳಗ. ಲೆಸ್ಲಿ ನಿಧಾನ ಇಟ್ಟು, ಹಿಡಿದ ಸ್ವರದ ಕಡೀಕ ಮಾತ್ರ ಜೋರ್ ತಿರುಗಿಸ್ರಿ.

ಇಷ್ಟಾದ ಮ್ಯಾಲೂ ಸಪ್ಪಗ ಅನಿಸಿದ್ರ, ಯಮಹಾ ವೈಸಿ61 ಥರ 61 ಕೀ, 9 ಡ್ರಾಬಾರ್ ಇದ್ದದ್ದು ನೋಡ್ರಿ.