ಮುಂದಕ್ಕೆ ಹಾಕಿದ್ದೋ, ಕೈಬಿಟ್ಟದ್ದೋ?

ಓದುಗರ ಪತ್ರ: ನಮ್ಮ ಸಂಘದ ಸಭೆ ‘ಕಾಲ್ಡ್ ಆಫ್’ ಅಂತ ಮೊಬೈಲಿಗೆ ಇಂಗ್ಲಿಷಲ್ಲಿ ಮೆಸೇಜ್ ಬಂತು. ಮುಂದಕ್ಕೆ ಹಾಕಿದ್ದಾರೆ ಅಂದುಕೊಂಡು ಮೂರು ವಾರ ಹೊಸ ತಾರೀಖಿಗೆ ಕಾದೆ. ವಿಚಾರಿಸಿದರೆ ಸಭೆಯೇ ಇಲ್ಲವಂತೆ! ‘ಪುಟ್ ಆಫ್’ನಲ್ಲೂ ಆಫ್, ‘ಕಾಲ್ ಆಫ್’ನಲ್ಲೂ ಆಫ್. ಏನು ವ್ಯತ್ಯಾಸ ಸ್ವಾಮಿ?
— ಕಬ್ಬು ಬೆಳೆಗಾರ, ಮಂಡ್ಯ

ಸಂಪಾದಕರ ಉತ್ತರ: ಮೂರು ವಾರ ಕಾದಿರಲ್ಲ, ಪಾಪ. ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕುವುದು. ‘ಕಾಲ್ ಆಫ್’ ಅಂದರೆ ಕೈಬಿಡುವುದು. ನಿಮ್ಮ ಸಭೆಗಾಗಿದ್ದು ಎರಡನೆಯದು.

ಇಂಗ್ಲಿಷಿನವರು ಪುಟ್, ಕಾಲ್, ಗೆಟ್‌ನಂಥ ಪುಟ್ಟ ಕ್ರಿಯಾಪದಕ್ಕೆ ಒಂದು ಬಾಲ ಕಟ್ಟುತ್ತಾರೆ. ಬಾಲ ಬಂದಮೇಲೆ ಹಳೇ ಅರ್ಥ ಹಿಡಿದು ಹುಡುಕಿದರೆ ಸಿಗುವುದಿಲ್ಲ. ನಾವೇನು ಕಮ್ಮಿಯಾ? ‘ನಂಬಿದ್ದೆ, ಕೈ ಕೊಟ್ಟ’ ಅನ್ನುತ್ತೇವೆ. ಕನ್ನಡ ಕಲಿಯುತ್ತಿರುವವನು ಕೈ ಕುಲುಕಿದ ಅಂದುಕೊಂಡರೆ ಅವನ ತಪ್ಪೇನು?

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ನಿಮಗೆ ನೆನಪಿರಬೇಕು. ರಾತ್ರಿ ದೆವ್ವ ಬರುತ್ತೆ, ಓದುತ್ತೆ, ಹೋಗುತ್ತೆ. ಮಾರನೇ ದಿನ ಬಂದರೂ ಅದೇ ‘ನಾಳೆ ಬಾ’. ‘ಬರಲೇಬೇಡ’ ಅಂತ ಯಾರೂ ಬರೆಯಲಿಲ್ಲ, ನೋಡಿ. ಅದು ಅಪ್ಪಟ ಪುಟ್ ಆಫ್. ಸಾಲ ಕೇಳಲು ಬಂದವನನ್ನು ನೆಪ ಹೇಳಿ ಸಾಗಹಾಕುವುದಕ್ಕೂ ಇಂಗ್ಲಿಷಲ್ಲಿ ಇದೇ ಮಾತು.

ಇನ್ನು ಕಾಲ್ ಆಫ್. ಶುರುವಾಗದ ಕೆಲಸಕ್ಕೂ ಇದು ಸಲ್ಲುತ್ತದೆ, ನಡೆಯುತ್ತಿರುವುದಕ್ಕೂ ಸಲ್ಲುತ್ತದೆ. ಕಾವೇರಿ ಗಲಾಟೆಯಲ್ಲಿ ಮಂಡ್ಯದ ಸಂಜಯ ವೃತ್ತದಲ್ಲಿ ಧರಣಿ ಕೂತವರು ಎದ್ದರೆ, ಇಂಗ್ಲಿಷ್ ಪೇಪರಿನವರು ಧರಣಿ ‘ಕಾಲ್ಡ್ ಆಫ್’ ಅಂತ ಬರೆಯುತ್ತಾರೆ. ನಾವು ‘ವಾಪಸ್’ ಅಂತೀವಿ. ಅಲ್ಲಿ ‘ಪುಟ್ ಆಫ್’ ಹಾಕಿದರೆ ಕೂರುವುದನ್ನೇ ಮುಂದೂಡಿದಂತೆ ಆಗುತ್ತದೆ.

ನೀವು ಕೇಳಿಲ್ಲ, ಆದರೂ ಇನ್ನೊಂದು ಹೇಳಿಬಿಡುತ್ತೇನೆ. ಇಲ್ಲಿ ಎಡವುವವರು ಜಾಸ್ತಿ. ನಾವು ತಡ ಮಾಡುವುದಕ್ಕೆ ‘ಮುಂದಕ್ಕೆ’ ಹಾಕುತ್ತೇವೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಸಭೆಯನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಿದ್ದೇವೆ ಅಂತ ಬರೆದರೆ ಕೆಟ್ಟಿತು. ಇಪ್ಪತ್ತಕ್ಕೆ ಇದ್ದ ಸಭೆ ಹದಿನೈದಕ್ಕೇ ಇದೆ ಅಂತ ಅವರು ಬಂದು ಕೂರುತ್ತಾರೆ. ಅವರು ತಡ ಮಾಡುವಾಗ ‘ಪುಟ್ ಬ್ಯಾಕ್’, ಹಿಂದಕ್ಕೆ! ಬೇಗ ಮಾಡುವುದಕ್ಕೆ ನಮ್ಮವರು ಬಳಸುವ ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಕೂತಿದೆ. ನನಗಂತೂ ಅದೇ ಇಷ್ಟ, ಗೊಂದಲವೇ ಇಲ್ಲ.

ಬಳಸುವಾಗ ‘ಇಟ್’ ಬಂದರೆ ಅದನ್ನು ನಡುವೆ ಕೂರಿಸಿ. ‘ಪುಟ್ ಇಟ್ ಆಫ್’, ‘ಕಾಲ್ ಇಟ್ ಆಫ್’. ಸಭೆಯ ಹೆಸರೇ ಹೇಳುವುದಾದರೆ ನಡುವೆಯೂ ಆಗುತ್ತದೆ, ಕೊನೆಗೂ ಆಗುತ್ತದೆ.

ಇಷ್ಟೆಲ್ಲ ಬರೆದೆನಲ್ಲ, ನಾನೇನು ಸಾಚಾ ಅಲ್ಲ. ಒಮ್ಮೆ ಮೈಸೂರಿನ ಒಂದು ಕಾರ್ಯಕ್ರಮ ಮಳೆಯಿಂದ ಕಾಲ್ ಆಫ್ ಆಗಿತ್ತು. ನಮ್ಮ ಪತ್ರಿಕೆಯಲ್ಲಿ ‘ಮುಂದೂಡಲಾಗಿದೆ’ ಅಂತ ಹಾಕಿಬಿಟ್ಟೆವು. ಶ್ರೀರಂಗಪಟ್ಟಣದ ಹಿರಿಯರೊಬ್ಬರು ಎರಡು ತಿಂಗಳು ಬಿಡದೆ ಫೋನ್ ಮಾಡಿದರು, “ಯಾವಾಗ ಸಾರ್ ಅದು?” ಅಂತ. ನಾನೂ ಪ್ರತಿ ಸಲ “ವಿಚಾರಿಸಿ ಹೇಳ್ತೀನಿ, ಮುಂದಿನ ವಾರ ಮಾಡಿ” ಅಂದೆ.